ಅಳಿಯನ ಬೆನ್ನಿನ ತಗಡು

ತಾಂಡೂರಿನ ಕಲ್ಲುಗಣಿಯ ನೀರಿಗೆ ನಾನು ಮತ್ತೊಮ್ಮೆ ಮುಳುಗಬೇಕಾದರೆ ನನ್ನ ಮಾವ ಹೂಂ ಅನ್ನಬೇಕು. ಇದು ನನ್ನ ಹೆಂಡತಿ ಹಾಕಿದ ಷರತ್ತು. ತಾನೇ ಬೇಡ ಅಂದರೆ ನಾನು ಹಟಕ್ಕೆ ಬೀಳುತ್ತೇನೆ ಅಂತ ಅವಳಿಗೆ ಗೊತ್ತು, ಅದಕ್ಕೇ ಈ ಉಪಾಯ. ಮಾವ ಮನೂರ್ ಕಡೆಯ ಕುರಿಗಾರ. ಯಾವುದಕ್ಕೂ ಸುಲಭಕ್ಕೆ ಹೂಂ ಅಂದವರಲ್ಲ. ನಮ್ಮ ಮದುವೆಗೆ ಹೂಂ ಅನ್ನಲಿಕ್ಕೇ ಎಂಟು ತಿಂಗಳು ತೆಗೆದುಕೊಂಡಿದ್ದರು. ಆ ಎಂಟು ತಿಂಗಳಲ್ಲಿ ನಾನು ನಾಲ್ಕು ಸಲ ಅವರ ಮನೆಗೆ ಹೋಗಿ ಚಹಾ ಕುಡಿದು, ಕುರಿಗಳ ಬಗ್ಗೆ ಎಲ್ಲ ತಿಳಿದವನಂತೆ ತಲೆಯಾಡಿಸಿ ಬಂದಿದ್ದೆ.

ನಾನು ಜಹೀರಾಬಾದಿನ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬ್ ಅಸಿಸ್ಟೆಂಟ್. ಹುಡುಗರಿಗೆ ತಕ್ಕಡಿ, ಲೋಲಕ, ಬೀಕರು ಎತ್ತಿಕೊಡುವುದು, ಒಡೆದದ್ದನ್ನು ಗುಡಿಸುವುದು ನನ್ನ ಕೆಲಸ. ಇಂಥವನಿಗೆ ನೀರಿನೊಳಗೆ ಉಸಿರಾಡುವ ಹುಚ್ಚು ಹಿಡಿಸಿದವನು ತಾಂಡೂರಿನ ನನ್ನ ಗೆಳೆಯ. ಅವನು ಹತ್ತಾರು ವರ್ಷ ಕೊಲ್ಲಿ ದೇಶದಲ್ಲಿ ಹಡಗುಗಳ ತಳ ಉಜ್ಜುವ ಮುಳುಗುಗಾರನಾಗಿದ್ದು, ಈಗ ಊರಿಗೆ ಬಂದು ಕಲ್ಲು ಪಾಲಿಶ್ ಮಾಡುವ ಮಿಷನ್ ಹಾಕಿಕೊಂಡಿದ್ದಾನೆ. ಅವನ ಮಾತು ಕೇಳಿ ನಾನು ಒಂದು ಬೇಸಿಗೆ ರಜೆಯಲ್ಲಿ ಸಮುದ್ರದ ದಂಡೆಗೆ ಹೋಗಿ ಸ್ಕೂಬಾ ಕೋರ್ಸು ಮುಗಿಸಿ ಬಂದೆ. ಮನೆಯಲ್ಲಿ ಅದನ್ನು ಇಲಾಖೆಯ ತರಬೇತಿ ಅಂತ ಹೇಳಿದ್ದೆ. ಮೂರೇ ದಿನಕ್ಕೆ ಸಿಕ್ಕಿಬಿದ್ದೆ, ಯಾಕೆಂದರೆ ಇಲಾಖೆಯ ತರಬೇತಿಯಿಂದ ಯಾರೂ ಬಿಸಿಲಿಗೆ ಮೂಗು ಸುಟ್ಟುಕೊಂಡು ಖುಷಿಯಾಗಿ ಬರುವುದಿಲ್ಲ.

ನಮಗೆ ಸಮುದ್ರ ದೂರ, ಗಣಿ ಹತ್ತಿರ. ತಾಂಡೂರಿನ ಸುತ್ತ ಚಪ್ಪಡಿ ತೆಗೆದು ಬಿಟ್ಟ ಗುಂಡಿಗಳಲ್ಲಿ ನೀರು ನಿಂತಿದೆ. ಕೆಲವು ಎಷ್ಟು ಆಳ ಅಂದರೆ ಬಿಸಿಲು ತಳ ಮುಟ್ಟುವುದೇ ಇಲ್ಲ. ಜನವರಿಯಲ್ಲಿ ಮೇಲೆ ಸೊಂಟದ ತನಕ ನೀರು ಹಿತವಾಗಿರುತ್ತದೆ, ಇನ್ನೂ ಕೆಳಗೆ ಹೋದರೆ ಹಲ್ಲು ಕಟಕಟ ಅನ್ನುತ್ತವೆ. ತೆಲಂಗಾಣದಲ್ಲಿ ಎಲ್ಲಿಯ ತಣ್ಣೀರು ಅಂತ ಹಿಮಾಲಯದವರು ನಗಬಹುದು. ನಗಲಿ. ಅವರು ನಮ್ಮ ಮೇ ತಿಂಗಳ ಬಿಸಿಲಿಗೆ ಒಮ್ಮೆ ಬಂದು ಹೋಗಲಿ, ಆಮೇಲೆ ಮಾತಾಡೋಣ.

ಹಿಂದಿನ ವರ್ಷ ಅಲ್ಲಿ ನನ್ನ ಮಾನ ಹೋಗಿತ್ತು. ಚಳಿಗೆ ಬೆರಳು ದಪ್ಪದ ರಬ್ಬರ್ ಸೂಟು ಹಾಕಿಕೊಂಡಿದ್ದೆ. ಅಂಥ ಸೂಟು ಮನುಷ್ಯನನ್ನು ತೇಲಿಸುತ್ತದೆ, ಮುಳುಗಬೇಕಾದರೆ ಸೊಂಟಕ್ಕೆ ಸೀಸ ಕಟ್ಟಬೇಕು. ನಾನು ಕಟ್ಟಿದ ಸೀಸದ ಬೆಲ್ಟು ಜಾರಿ ತೊಡೆಗೆ ಬಂತು. ಮೇಲೆ ಹಾಕಿದ್ದು ಎರವಲು ಜಾಕೀಟು, ಅದಕ್ಕೆ ಗಾಳಿ ತುಂಬಿದರೆ ಎದೆಯನ್ನು ಹಿಂಡುತ್ತಿತ್ತು. ಆಳಕ್ಕೆ ಹೋದಂತೆ ಸೂಟು ಅಮುಕಿಕೊಂಡು ತೇಲುವ ಶಕ್ತಿ ಕಳೆದುಕೊಂಡಿತು, ನಾನು ಕಲ್ಲಿನ ಹಾಗೆ ಇಳಿಯತೊಡಗಿದೆ. ಗಾಬರಿಯಿಂದ ಗಾಳಿಯ ಗುಂಡಿ ಒತ್ತಿದವನು ಬಿಡುವುದನ್ನೇ ಮರೆತೆ. ಮರುಕ್ಷಣ ನೀರಿನ ಮೇಲೆ ಎದ್ದು ಬಂದಿದ್ದೆ, ಮೂಗಿನಲ್ಲಿ ರಕ್ತ. ದಂಡೆಯಲ್ಲಿ ಹೆಂಡತಿ ಕೂತಿದ್ದಳು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಷರತ್ತು ಬಂದದ್ದು ಅವತ್ತು ಸಂಜೆ, ವಾಪಸು ಬರುವ ಬಸ್ಸಿನಲ್ಲಿ.

‘ನಮ್ಮಪ್ಪಗ ತೋರಸ್ರಿ. ಅವ ನೋಡಿ ಹೂಂ ಅಂದ್ರ ಹೋಗ್ರಿ. ನಾ ಏನೂ ಅನ್ನಂಗಿಲ್ಲ,’ ಅಂದಳು.

‘ನಿಮ್ಮಪ್ಪಗ ಇದರಾಗ ಏನ್ ತಿಳೀತದ?’

‘ಭಾರ ಹೊರಸೋದು ತಿಳೀತದ್ರಿ.’

ಗೆಳೆಯನ ತೀರ್ಪು ಬೇರೆ. ತಪ್ಪು ಸಾಮಾನಿನದು ಅಂದ. ಅವನು ಹೇಳಿದ್ದು ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು, ಯಾಕೆಂದರೆ ತಪ್ಪು ನನ್ನದಲ್ಲ ಅಂತ ಯಾರಾದರೂ ಹೇಳಿದರೆ ನಾನು ಕೂಡಲೇ ನಂಬುತ್ತೇನೆ. ತಣ್ಣೀರಿಗೆ ಜಾಕೀಟು ಬಿಡು, ಬೆನ್ನಿಗೆ ತಗಡು, ತಗಡಿಗೆ ರೆಕ್ಕೆ ಮಾಡಿಕೋ ಅಂದ. ಅಂದರೆ ಬೆನ್ನಿಗೆ ಒಂದು ಲೋಹದ ತಗಡು, ಅದನ್ನು ಮೈಗೆ ಕಟ್ಟಲು ಅಗಲವಾದ ಪಟ್ಟಿ, ತಗಡಿನ ಹಿಂದೆ ಗಾಳಿ ತುಂಬುವ ಒಂದು ಚೀಲ, ಅದರ ಹಿಂದೆ ಸಿಲಿಂಡರು. ಆ ಚೀಲಕ್ಕೇ ರೆಕ್ಕೆ ಅನ್ನುತ್ತಾರೆ. ಎದೆ ಖಾಲಿ ಇರುತ್ತದೆ, ಗಾಳಿ ಬೆನ್ನ ಮೇಲೆ ಇರುತ್ತದೆ, ನೀರಿನಲ್ಲಿ ಮನುಷ್ಯ ಅಡ್ಡಡ್ಡ ಮಲಗುತ್ತಾನೆ. ತಗಡು ತೂಕವಾಗಿದ್ದಷ್ಟೂ ಸೊಂಟದ ಸೀಸ ಕಡಿಮೆ ಸಾಕು.

ಯಾವ ತಗಡು ಅನ್ನುವುದೇ ಆ ಮಳೆಗಾಲದ ನನ್ನ ಸಂಶೋಧನೆ. ಕಾಲೇಜಿನ ಸ್ಪ್ರಿಂಗ್ ತಕ್ಕಡಿಯನ್ನು ಶನಿವಾರ ಮನೆಗೆ ತಂದು ಬಚ್ಚಲಿನ ನೀರು ಹಾಯಿಸುವ ಕೊಳವೆಗೆ ನೇತುಹಾಕಿದೆ. ಕೆಳಗೆ ದೊಡ್ಡ ಪ್ಲಾಸ್ಟಿಕ್ ಟಬ್ಬು. ಮೊದಲು ಅಲ್ಯೂಮಿನಿಯಂ. ಹಗುರ, ಚೆಂದ, ವಿಮಾನದಲ್ಲಿ ಹೋಗುವವರಿಗೆ ಸರಿ. ನಾನು ವಿಮಾನದಲ್ಲಿ ಎಲ್ಲಿಗೆ ಹೋಗುತ್ತೇನೆ, ಮಾವನ ಊರ ಹತ್ತಿರದ ನಾರಾಯಣಖೇಡಕ್ಕೆ? ಬಿಟ್ಟೆ. ಆಮೇಲೆ ನನ್ನ ತಲೆಗೆ ಒಂದು ಮಹಾ ಯೋಚನೆ ಹೊಳೆಯಿತು. ಗೆಳೆಯ ಕಲ್ಲಿನ ಮಿಷನ್ ಇಟ್ಟಿದ್ದಾನೆ, ಗಣಿಯೂ ಕಲ್ಲಿನದು. ಬೆನ್ನಿನ ತಗಡನ್ನು ತಾಂಡೂರಿನ ಕಲ್ಲಿನಲ್ಲೇ ಮಾಡಿಸಿದರೆ ಹೇಗೆ?

ಅವನು ಒಂದು ಮಾತೂ ಆಡದೆ ಕಲ್ಲು ಕತ್ತರಿಸಿ, ತೂತು ಕೊರೆದು, ನುಣ್ಣಗೆ ಪಾಲಿಶ್ ಹೊಡೆದು ಕೊಟ್ಟ. ಅವನು ಸುಮ್ಮನಿದ್ದದ್ದು ಕಂಡೇ ನನಗೆ ಅನುಮಾನ ಬರಬೇಕಿತ್ತು. ತೂಗಿದೆ. ಮೇಲೆ ಐದು ಕಿಲೊ, ನೀರಿನಲ್ಲಿ ಮುಳುಗಿಸಿದರೆ ಮೂರು ಚಿಲ್ಲರೆ. ಹೊರುವಾಗ ಐದು ಹೊತ್ತು, ಬೇಕಾದಲ್ಲಿ ಮೂರು ಸಿಗುವ ಲೆಕ್ಕ. ಆದರೂ ಸ್ವದೇಶಿ ಅನ್ನುವ ಅಭಿಮಾನಕ್ಕೆ ಬೆನ್ನಿಗೆ ಕಟ್ಟಿಕೊಂಡು ಅಡುಗೆಮನೆಯ ತನಕ ನಡೆದೆ. ಕಾಲುಂಗುರ ಹುಡುಕುತ್ತಿದ್ದ ಹೆಂಡತಿಗೆ ಸಹಾಯ ಮಾಡಲು ಬಗ್ಗಿದೆ. ಕಲ್ಲು ಪಟ್ಟಿಯಿಂದ ಜಾರಿ ತಲೆಯ ಪಕ್ಕದಲ್ಲೇ ಹಾಯ್ದು ನೆಲಕ್ಕೆ ಬಿದ್ದು ಎರಡಾಯಿತು. ಒಂದು ತುಂಡು ಈಗಲೂ ನಮ್ಮ ಗ್ಯಾಸ್ ಸಿಲಿಂಡರಿನ ಕೆಳಗಿದೆ. ಫೋನಿನಲ್ಲಿ ಸುದ್ದಿ ಹೇಳಿದಾಗ ಗೆಳೆಯ ನಕ್ಕು ನಕ್ಕು ಕೆಮ್ಮತೊಡಗಿದ.

‘ನನಗ ಮೊದಲೇ ಗೊತ್ತಿತ್ತು ಭಾಯ್. ಆದ್ರ ನಿನ್ನ ಮುಖದ ಖುಷಿ ನೋಡಿ ಹೇಳಾಕ ಮನಸಾಗಲಿಲ್ಲ.’

ಕಡೆಗೆ ಸ್ಟೀಲು. ಜಹೀರಾಬಾದಿನ ಬೈಪಾಸಿನ ಹತ್ತಿರ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಒಬ್ಬ ವೆಲ್ಡರ್ ಇದ್ದಾನೆ. ಕೈ ಬಹಳ ಚೊಕ್ಕ, ಬಾಯಿ ಅಷ್ಟಲ್ಲ. ಮಿಠಾಯಿ ಡಬ್ಬಿಯ ರಟ್ಟಿನಲ್ಲಿ ನಾನು ನಮೂನೆ ಕತ್ತರಿಸಿ ಒಯ್ದಿದ್ದೆ. ನಡುವೆ ಉದ್ದಕ್ಕೆ ಒಂದು ಉಬ್ಬು, ಎರಡೂ ಕಡೆ ಇಳಿಜಾರು, ಭುಜಕ್ಕೆ ಮತ್ತು ಸೊಂಟಕ್ಕೆ ಪಟ್ಟಿ ತೂರಿಸುವ ಸೀಳುಗಳು. ಅವನು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ.

‘ಇದು ಯಾವ ಗಾಡಿದು ಸಾಬ್?’

‘ಗಾಡಿದಲ್ಲ. ನನ್ನ ಬೆನ್ನಿಗಿ.’

‘ಬೆನ್ನು ಮುರದದೇನ್ರಿ?’

‘ಇಲ್ಲಪ್ಪ. ಇದನ್ನ ಕಟಗೊಂಡು ನೀರಾಗ ಮುಳಗತೀನಿ.’

ಅವನು ಕನ್ನಡಕ ಹಣೆಗೆ ಏರಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ‘ಮುಳಗಾಕ ಇಷ್ಟು ತಯಾರಿ ಯಾಕ್ರಿ? ಸುಮ್ನ ಮುಳಗಿದ್ರ ಆಗಂಗಿಲ್ಲೇನು? ಮನ್ಯಾಗ ಜಗಳಾ ಆಗ್ಯಾದೇನು?’ ಅಂದ. ಪಕ್ಕದ ಟೀ ಅಂಗಡಿಯವನನ್ನೂ ಕರೆದು ನನ್ನ ಜೊತೆ ಸಮಾಧಾನದ ಮಾತಾಡಲು ಹೇಳಿದ. ನಾನು ಅರ್ಧ ಗಂಟೆ ಕೂತು ನನ್ನ ಸಂಸಾರ ಚೆನ್ನಾಗಿದೆ ಅಂತ ಇಬ್ಬರಿಗೂ ಮನವರಿಕೆ ಮಾಡಬೇಕಾಯಿತು. ಆಮೇಲೆಯೇ ಅವನು ಕಟರ್ ಹಿಡಿದದ್ದು. ತುಕ್ಕು ಹಿಡಿಯದ ಸ್ಟೀಲಿನ ದಪ್ಪ ಹಾಳೆ ಕತ್ತರಿಸಿ, ಅಂಚು ಉಜ್ಜಿ, ಕೈಯಾಡಿಸಿದರೆ ಎಲ್ಲೂ ಚುಚ್ಚದ ಹಾಗೆ ಮಾಡಿದ. ತೂಗಿ ನೋಡಿದರೆ ಮೇಲೂ ನಾಲ್ಕರ ಹತ್ತಿರ, ನೀರಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಸೊಂಟದ ಸೀಸದಲ್ಲಿ ಅಷ್ಟು ತೆಗೆದು ಹಾಕಬಹುದು. ನಾನು ಬೇಡವೆಂದರೂ ಕೇಳದೆ ಟ್ರಾಲಿಗೆ ಬಳಿಯುವ ಬಣ್ಣದಲ್ಲಿ ಅದರ ಮೂಲೆಗೊಂದು ಹಳದಿ ಹೂವನ್ನೂ ಬರೆದುಕೊಟ್ಟ.

ರೆಕ್ಕೆಯ ವಿಷಯದಲ್ಲೂ ಅವನ ಬಳಿ ಸಲಹೆಯಿತ್ತು: ಟ್ರ್ಯಾಕ್ಟರಿನ ಹಳೆಯ ಟ್ಯೂಬು. ನಾನು ಒಂದು ಕ್ಷಣ ಆಸೆಪಟ್ಟದ್ದು ಸುಳ್ಳಲ್ಲ. ಆದರೆ ಗಾಳಿಚೀಲದಲ್ಲಿ ತಮಾಷೆ ನಡೆಯುವುದಿಲ್ಲ ಅಂತ ಗೆಳೆಯ ಗದರಿದ. ಅದನ್ನು ತರಿಸಿಯೇ ಕೊಳ್ಳಬೇಕು. ತುಂಬಾ ಚಿಕ್ಕದಾದರೆ ದಪ್ಪ ಸೂಟು ಆಳದಲ್ಲಿ ಅಮುಕಿದಾಗ ಎತ್ತಲಾರದು. ತುಂಬಾ ದೊಡ್ಡದಾದರೆ ಒಂಟಿ ಸಿಲಿಂಡರಿನ ಎರಡೂ ಕಡೆ ಪಟಪಟ ಬಡಿದುಕೊಂಡು ಗಾಳಿ ಒಂದು ಮೂಲೆಗೆ ಸೇರಿಕೊಳ್ಳುತ್ತದೆ. ನಾವು ಮಧ್ಯದ್ದನ್ನು ಆರಿಸಿದೆವು, ಗಾಳಿ ಎಡಬಲಕ್ಕೆ ಸುತ್ತಿ ಬರುವ ಬಳೆಯಾಕಾರದ್ದು. ಪಟ್ಟಿಗೆ ಪ್ಲಾಸ್ಟಿಕ್ ಕ್ಲಿಪ್ಪು ಬೇಡ, ದಪ್ಪ ಗ್ಲೌಸಿನ ಕೈಗೆ ಅದು ಸಿಗುವುದಿಲ್ಲ. ಒಂದೇ ಉದ್ದನೆಯ ಪಟ್ಟಿ, ಒಂದೇ ಲೋಹದ ಬಕಲ್ಲು. ಗೆಳೆಯ ನನಗೆ ಮೀನು ಹಿಡಿಯುವ ಗ್ಲೌಸು ಹಾಕಿಸಿ, ಕಣ್ಣು ಮುಚ್ಚಿಸಿ, ಆ ಬಕಲ್ಲನ್ನು ನೂರು ಸಲ ಬಿಚ್ಚಿಸಿ ಹಾಕಿಸಿದ. ನಾನು ಅಲ್ಲಿಯವರೆಗೆ ಯಾವ ಪರೀಕ್ಷೆಗೂ ಅಷ್ಟು ಓದಿರಲಿಲ್ಲ.

ಇನ್ನು ಉಳಿದದ್ದು ಒಂದು ಪಟ್ಟಿ. ತಗಡಿನ ಕೆಳತುದಿಯಿಂದ ಹೊರಟು, ತೊಡೆಗಳ ಸಂದಿಯಲ್ಲಿ ಹಾಯ್ದು, ಮುಂದೆ ಸೊಂಟದ ಬಕಲ್ಲಿಗೆ ಸಿಕ್ಕಿಕೊಳ್ಳುವ ಪಟ್ಟಿ. ನನ್ನ ಗಲಾಟೆಯೆಲ್ಲ ಶುರುವಾದದ್ದು ಅದರಿಂದ.

ಪರೀಕ್ಷೆ ಸಂಕ್ರಾಂತಿಯ ರಜೆಯಲ್ಲಿ, ಮಾವನ ಹೊಲದ ಬಾವಿಯಲ್ಲಿ ಅಂತ ಗೊತ್ತಾಗಿತ್ತು. ಮೆಟ್ಟಿಲಿರುವ ದೊಡ್ಡ ಚೌಕದ ಬಾವಿ. ಹಬ್ಬ ಅಂದಮೇಲೆ ಹೆಂಡತಿಯ ಅಣ್ಣತಮ್ಮಂದಿರು, ಅತ್ತಿಗೆಯರು, ಅಕ್ಕಪಕ್ಕದ ಹೊಲದವರು ಎಲ್ಲರೂ ಇರುತ್ತಾರೆ. ನಾನು ಆ ಮನೆಯ ಅಳಿಯ. ಅಲ್ಲಿ ನಾನು ಹೋದರೆ ಹೊಸ ಟವೆಲು ಬರುತ್ತದೆ, ಮಂಚಕ್ಕೆ ಹೊಸ ಚಾದರ ಬೀಳುತ್ತದೆ. ಇಪ್ಪತ್ತು ವರ್ಷದಲ್ಲಿ ಮಾವನ ಎದುರು ನಾನು ಲುಂಗಿಯನ್ನು ಮೊಣಕಾಲಿನ ಮೇಲೆ ಕಟ್ಟಿದವನಲ್ಲ. ಅಂಥವನು ರಬ್ಬರ್ ಸೂಟಿನ ಮೇಲೆ ತೊಡೆಸಂದಿಯಲ್ಲಿ ಪಟ್ಟಿ ಬಿಗಿದುಕೊಂಡು, ಎಲ್ಲ ಅತ್ತಿಗೆಯರ ಮುಂದೆ ನಿಲ್ಲುವುದೇ? ಹೊರಡುವ ದಿನ ಬೆಳಿಗ್ಗೆ ನಾನು ಆ ಪಟ್ಟಿಯನ್ನು ಮೆಲ್ಲಗೆ ಬಿಚ್ಚಿ, ಮನೆಯಲ್ಲೇ ಮೊಳೆಗೆ ನೇತುಹಾಕಿ ಬಂದೆ. ಒಂದು ಪಟ್ಟಿ ಇಲ್ಲದಿದ್ದರೆ ಏನಾದೀತು ಅನ್ನಿಸಿತ್ತು. ತಾಂಡೂರಿನಿಂದ ಸಿಲಿಂಡರುಗಳನ್ನು ಜೀಪಿನಲ್ಲಿ ಹೇರಿಕೊಂಡು ನಾರಾಯಣಖೇಡದಲ್ಲಿ ನಮ್ಮನ್ನು ಕೂಡಿಕೊಂಡ ಗೆಳೆಯನಿಗೂ ಹೇಳಲಿಲ್ಲ.

ಬಾವಿಗೆ ನಾನು ನಡೆದುಹೋದ ಬಗೆಯನ್ನು ಆ ಊರಿನವರು ಇನ್ನೂ ಹೇಳುತ್ತಾರಂತೆ. ಕಪ್ಪು ರಬ್ಬರ್ ಸೂಟು, ಅದರ ಮೇಲೆ ಮರ್ಯಾದೆಗೆ ನೀಲಿ ಚೌಕಳಿ ಲುಂಗಿ, ಬೆನ್ನಿಗೆ ಹಳದಿ ಹೂವಿನ ತಗಡು, ಸಿಲಿಂಡರು. ದಾರಿಯಲ್ಲಿ ಒಂದು ಟಗರು ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿಯಿತು. ಕೊನೆಯ ಮೆಟ್ಟಿಲಲ್ಲಿ ನೀರೊಳಗೆ ಸೊಂಟದ ತನಕ ಇಳಿದ ಮೇಲೆಯೇ ನಾನು ಲುಂಗಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟೆ. ಮಾವ ಮೇಲಿನ ಕಟ್ಟೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿರಬೇಕು ಅಂತ ಗೆಳೆಯ ತನ್ನ ಸಾಮಾನು ಕಟ್ಟಿಕೊಂಡು ಮೆಟ್ಟಿಲ ಮೇಲೆ ತಯಾರಾಗಿ ಕೂತ. ನನ್ನ ಮೈಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಅವನ ಕೈಯಲ್ಲಿತ್ತು. ಅವನು ಒಮ್ಮೆ ಜಗ್ಗಿದರೆ ನಾನು ಒಮ್ಮೆ ಜಗ್ಗಬೇಕು, ಚೆನ್ನಾಗಿದ್ದೇನೆ ಅಂತ ಅರ್ಥ.

ರೆಕ್ಕೆಗೆ ಗಾಳಿ ತುಂಬಿದೆ. ಗಾಳಿ ಏರಿತು, ರೆಕ್ಕೆ ಏರಿತು, ರೆಕ್ಕೆಯ ಜೊತೆ ತಗಡೂ ಸಿಲಿಂಡರೂ ಏರಿದವು. ನಾನು ಮಾತ್ರ ಕೆಳಗೇ ಉಳಿದೆ. ಭುಜದ ಪಟ್ಟಿ ಕಿವಿಗೆ ಬಂತು, ಸೊಂಟದ ಪಟ್ಟಿ ಕಂಕುಳಿಗೆ ಬಂತು. ಸಿಲಿಂಡರಿನ ಕುತ್ತಿಗೆ ನನ್ನ ಬುರುಡೆಗೆ ಠಣ್ ಅಂತ ಬಡಿಯಿತು. ಬಾವಿಯ ಗೋಡೆಗೆ ಆ ಸದ್ದು ನಾಲ್ಕು ಸಲ ಮರಳಿ ಬಂತು. ಮೇಲೆ ಸಾಲಾಗಿ ನಿಂತಿದ್ದ ಅತ್ತಿಗೆಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಗೆಳೆಯ ಹಗ್ಗ ಜಗ್ಗಿ ನನ್ನನ್ನು ಮೆಟ್ಟಿಲಿಗೆ ಎಳೆದ.

‘ಕಾಲಾಗಿನ ಪಟ್ಟಿ ಎಲ್ಲಿ?’

‘ಮನ್ಯಾಗ ಉಳೀತು.’

‘ಉಳೀತೋ, ಉಳಿಸಿಯೋ?’

ನಾನು ಉತ್ತರ ಕೊಡುವ ಮೊದಲೇ ಮಾವ ಎದ್ದು ಮೆಟ್ಟಿಲಿಳಿದು ಬಂದರು. ನನ್ನ ಸುತ್ತ ಒಂದು ಸುತ್ತು ಹಾಕಿದರು. ತಗಡಿನ ಕೆಳತುದಿಯ ಖಾಲಿ ಸೀಳಿನಲ್ಲಿ ಬೆರಳು ತೂರಿಸಿ ನೋಡಿದರು.

‘ಇಲ್ಲೊಂದು ಪಟ್ಟಿ ಇರಬೇಕಲ್ರಿ ಅಳಿಯಂದ್ರ. ನಮ್ಮ ಕತ್ತೆಗಿ ಬಾಲದ ಅಡಿಗಿ ಒಂದು ಹಾಕ್ತೀವಿ. ಅದಿಲ್ಲಂದ್ರ ಇಳಕಲದಾಗ ಹೇರು ಕುತ್ತಿಗಿಗಿ ಬರ್ತದ.’

ಕುರಿಗಾರರು ಮಳೆ ಮುಗಿದ ಮೇಲೆ ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಊರೂರು ತಿರುಗುತ್ತಾರೆ. ಪಾತ್ರೆ, ಕಂಬಳಿ, ದಾರಿಯಲ್ಲಿ ಹುಟ್ಟಿದ ಮರಿಗಳು, ಎಲ್ಲ ಕತ್ತೆಯ ಬೆನ್ನ ಮೇಲೆ. ಮಾವ ಐವತ್ತು ವರ್ಷ ಹೇರು ಕಟ್ಟಿದವರು. ನನ್ನ ಗೆಳೆಯ ಕೊಲ್ಲಿಯಲ್ಲಿ ಕಲಿತದ್ದನ್ನು ಅವರು ಮನೂರಿನಲ್ಲಿ ಕಲಿತಿದ್ದರು. ಮಗನನ್ನು ಕಳಿಸಿ ಕೊಟ್ಟಿಗೆಯಿಂದ ಮೇಕೆಯ ಕೂದಲಲ್ಲಿ ನೇಯ್ದ ಒಂದು ಹೊಸ ಪಟ್ಟಿ ತರಿಸಿದರು. ಗೆಳೆಯ ಅದನ್ನು ಎಳೆದು, ಜೋತುಬಿದ್ದು ನೋಡಿ, ಈ ಬಾವಿಗೆ ನಡೆದೀತು ಅಂದ. ಮಾವ ಯಾವ ಸಂಕೋಚವೂ ಇಲ್ಲದೆ ಬಗ್ಗಿ ಆ ಪಟ್ಟಿಯನ್ನು ನನ್ನ ಕಾಲ ಸಂದಿಯಲ್ಲಿ ಹಾಯಿಸಿ, ಮೊಣಕಾಲನ್ನು ನನ್ನ ಸೊಂಟಕ್ಕೆ ಒತ್ತಿ, ಜಗ್ಗಿ ಬಿಗಿದರು. ಎರಡು ಬೆರಳು ತೂರಿಸಿ ಸಡಿಲ ನೋಡಿದರು. ಕೊನೆಗೆ ಅಭ್ಯಾಸಬಲದಿಂದ ನನ್ನ ಪಕ್ಕೆಯ ಮೇಲೆ ಅಂಗೈಯಿಂದ ಎರಡು ಪೆಟ್ಟು ಕೊಟ್ಟು ‘ಹೂಂ, ನಡಿ’ ಅಂದರು. ಈ ಸಲ ಅತ್ತಿಗೆಯರು ಬಾಯಿ ಮುಚ್ಚಿಕೊಳ್ಳಲೂ ಇಲ್ಲ. ಗೆಳೆಯ ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಭುಜ ಅಲುಗುತ್ತಿತ್ತು. ಹೆಂಡತಿ ನನ್ನ ಲುಂಗಿಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ನನಗೆ ಸಿಟ್ಟು ಬಂದಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷ ಕಾಪಾಡಿಕೊಂಡ ಅಳಿಯತನವನ್ನು ಎರಡು ಪೆಟ್ಟಿನಲ್ಲಿ ಕಳೆದರಲ್ಲ ಅಂತ.

ಆದರೆ ನೀರಿಗೆ ಇಳಿದ ಮೇಲೆ ಎಲ್ಲ ಮರೆತೆ. ತಗಡು ಬೆನ್ನಿಗೆ ಅಂಟಿ ಕೂತಿತ್ತು, ಒಂದು ಕೂದಲಿನಷ್ಟೂ ಸರಿಯಲಿಲ್ಲ. ರೆಕ್ಕೆಗೆ ಒಂದು ಗುಟುಕು ಗಾಳಿ ಕೊಟ್ಟರೆ ನಿಂತಲ್ಲೇ ನಿಲ್ಲುತ್ತಿದ್ದೆ, ಒಂದು ಗುಟುಕು ಬಿಟ್ಟರೆ ಮೆಲ್ಲಗೆ ಇಳಿಯುತ್ತಿದ್ದೆ. ಆಳದಲ್ಲಿ ನೀರು ಮಂಜುಗಡ್ಡೆಯಷ್ಟಲ್ಲದಿದ್ದರೂ ತುಟಿ ಮರಗಟ್ಟುವಷ್ಟು ತಣ್ಣಗಿತ್ತು. ಗ್ಲೌಸಿನ ಕೈಗೆ ಬಕಲ್ಲು ಮೊದಲ ಸಲಕ್ಕೇ ಸಿಕ್ಕಿತು. ಹಿಂದಿನ ವರ್ಷದ ಭಯ ಎಲ್ಲಿಯೂ ಇರಲಿಲ್ಲ. ಹಸಿರು ಬೆಳಕಿನಲ್ಲಿ ಅಡ್ಡಡ್ಡ ಮಲಗಿ ತೇಲುತ್ತಾ ನನಗೆ ಅಳುವಷ್ಟು ಸಂತೋಷವಾಯಿತು. ಮಾವ ಹೂಂ ಅನ್ನದೆ ಎಲ್ಲಿ ಹೋಗುತ್ತಾರೆ, ಇದು ಗೆದ್ದ ಹಾಗೇ ಅಂದುಕೊಂಡೆ.

ಗೆದ್ದವನು ಸುಮ್ಮನೆ ಮೇಲೆ ಬರಬೇಕಿತ್ತು. ಹಿಂದಿನ ಕಾಲದಲ್ಲಿ ಎತ್ತಿನಿಂದ ನೀರು ಎತ್ತುತ್ತಿದ್ದ ಕಡೆ, ಬಂಡೆಯ ಚಾಚಿನ ಕೆಳಗೆ ನೀರೊಳಗೆ ಒಂದು ಗೂಡಿತ್ತು. ಅದರೊಳಗೆ ತೂರಿ ನಿಂತರೆ ಉಸಿರಿನ ಗುಳ್ಳೆಗಳೆಲ್ಲ ಚಾಚಿಗೆ ತಾಗಿ ಅಲ್ಲೇ ನಿಲ್ಲುತ್ತವೆ, ಮೇಲೆ ಕಾಣುವುದಿಲ್ಲ. ಸ್ವಲ್ಪ ಹೊತ್ತು ನೋಡಲಿ, ಕತ್ತೆ ಎಲ್ಲಿ ಹೋಯಿತು ಅಂತ ಹುಡುಕಲಿ ಅಂದುಕೊಂಡೆ. ತೂರಿ ನಿಂತೆ. ಗೆಳೆಯ ಹಗ್ಗ ಜಗ್ಗಿದ, ನಾನು ತಿರುಗಿ ಜಗ್ಗಿದೆ. ಅವನಿಗೆ ಮೋಸವಿಲ್ಲ. ಮೇಲಿನವರಿಗೆ ಮಾತ್ರ ತಮಾಷೆ. ಬಾಯಲ್ಲಿ ಕೊಳವೆ ಇಟ್ಟುಕೊಂಡೇ ನಾನು ಒಬ್ಬನೇ ನಗುತ್ತಿದ್ದೆ.

ಸಾಕೆನಿಸಿದಾಗ ಹೊರಗೆ ಬಂದು ಮೇಲೆದ್ದೆ. ಯಾರಾದರೂ ಕೂಗುತ್ತಾರೆ, ಬೈಯುತ್ತಾರೆ, ಆಮೇಲೆ ನಗುತ್ತಾರೆ ಅಂತ ಕಾದಿದ್ದೆ. ಯಾರೂ ಕೂಗಲಿಲ್ಲ. ಮಾವ ನೀರಿನಲ್ಲಿದ್ದರು. ಕೊನೆಯ ಮೆಟ್ಟಿಲನ್ನೂ ದಾಟಿ, ಕುತ್ತಿಗೆಯ ತನಕ ಇಳಿದು, ಒಂದು ಕೈಯಲ್ಲಿ ಗೋಡೆಯ ಕಲ್ಲು ಹಿಡಿದು, ಇನ್ನೊಂದು ಕೈಯನ್ನು ನೀರೊಳಗೆ ಚಾಚಿ ತಡಕಾಡುತ್ತಿದ್ದರು. ರುಮಾಲು ತೋಯ್ದು ಹಣೆಗೆ ಇಳಿದಿತ್ತು. ಗೆಳೆಯ ಅವರ ತೋಳು ಹಿಡಿದುಕೊಂಡು ‘ಹಗ್ಗ ಹೇಳಾಕತ್ತದ್ರಿ, ಆರಾಮ ಹಾನ್ರಿ’ ಅಂತ ಮತ್ತೆ ಮತ್ತೆ ಹೇಳುತ್ತಿದ್ದ. ಅವರಿಗೆ ಹಗ್ಗದ ಮಾತು ತಿಳಿಯುತ್ತಿರಲಿಲ್ಲ. ಚಾಚಿದ ಆ ಕೈಗೆ ನನ್ನ ಭುಜದ ಪಟ್ಟಿ ತಾಗಿತು. ಅವರು ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು, ಬಿಡಲಿಲ್ಲ.

‘ಬಂದ್ರೇನ್ರಿ,’ ಅಂದರು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು.

‘ಸುಮ್ನ ಚ್ಯಾಷ್ಟಿ ಮಾಡಿದ್ನಿರಿ ಮಾವ.’

ಆ ಮಾತು ಬಾಯಿಂದ ಹೊರಬಿದ್ದದ್ದೇ ತಡ, ಎಂಥ ಹೊಲಸು ಮಾತಾಡಿದೆ ಅನ್ನಿಸಿತು. ಹೆಂಡತಿ ನನ್ನ ಲುಂಗಿಯನ್ನು ಮೆಟ್ಟಿಲ ಮೇಲೆ ಇಟ್ಟು, ನನ್ನ ಕಡೆ ನೋಡದೆ, ಅಪ್ಪನಿಗೆ ಕಂಬಳಿ ಹೊದಿಸಿ ಮೇಲೆ ಕರೆದುಕೊಂಡು ಹೋದಳು. ಲುಂಗಿ ಉಟ್ಟುಕೊಳ್ಳುವ ನೆನಪೂ ನನಗಾಗಲಿಲ್ಲ. ಸೂಟಿನಲ್ಲೇ, ಕಾಲಸಂದಿಯ ಪಟ್ಟಿಯ ಸಮೇತ, ಎಲ್ಲರ ಮುಂದೆ ನಡೆದು ಹೋಗಿ ಬಿಸಿಲಿನಲ್ಲಿ ನಿಂತೆ. ಯಾರೂ ನಗಲಿಲ್ಲ. ನಗಲಿ ಅಂತ ಮನಸ್ಸು ಬೇಡಿಕೊಳ್ಳುತ್ತಿತ್ತು.

ಮಾವ ಒಂದು ಲೋಟ ಬಿಸಿ ಚಹಾ ಕುಡಿದರು. ಆಮೇಲೆ ನಾನು ಬಿಚ್ಚಿಟ್ಟ ಸಾಮಾನಿನ ಹತ್ತಿರ ಬಂದು ಕೂತರು. ತಗಡನ್ನು ಬೆರಳಿನಿಂದ ಬಡಿದರು, ಅಂಚು ಸವರಿದರು, ರೆಕ್ಕೆಯನ್ನು ಒತ್ತಿ ನೋಡಿದರು, ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿದರು. ಆಡಿನ ಹಲ್ಲು ನೋಡಿ ಕೊಳ್ಳುವವರು ಅವರು, ಅವಸರ ಇರಲಿಲ್ಲ.

‘ತಗಡು ಛಲೋ ಅದ. ಭಾರ ಬೆನ್ನಿಗಿ ಸಮ ಕುಂತದ. ಚೀಲನೂ ಛಲೋ. ಮಾಡಿದವನ ಕೈ ಛಲೋ ಅದ. ಇದಕ್ಕ ನಾ ಹೂಂ ಅಂತೀನ್ರಿ.’

ನನ್ನ ಮುಖ ಅರಳಿರಬೇಕು. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಬೇಸತ್ತಿದ್ದರು.

‘ಹೊತ್ತವರಿಗಿ ಹೂಂ ಅನ್ನಂಗಿಲ್ಲ. ನಮ್ಮ ಕತ್ತೆ ಸುಮ್ನಿದ್ದಾಗ ಒದೀತದ, ಹಾರ್ತದ, ಎಲ್ಲಾ ಮಾಡ್ತದ. ಬೆನ್ನಮ್ಯಾಲ ಮರಿ ಕುಂದ್ರಸಿದ್ರ ಹಾರಂಗಿಲ್ರಿ. ನೀವು ಆ ಬಾವ್ಯಾಗ ಇಳದಾಗ ನನ್ನ ಮಗಳು ನಿಮ್ಮ ಬೆನ್ನಮ್ಯಾಲ ಇದ್ಲು. ನಿಮಗ ನೆಪ್ಪಾಗಲಿಲ್ಲ. ಈ ವರ್ಷ ಬ್ಯಾಡ್ರಿ.’

ಅಷ್ಟು ತಿಂಗಳು ತೂಗಿ, ಅಳೆದು, ಆರಿಸಿ ಕಟ್ಟಿಸಿದ ಸಾಮಾನು ಪಾಸಾಗಿತ್ತು, ನಾನು ಫೇಲಾಗಿದ್ದೆ.

ಜನವರಿಯ ಕೊನೆಯ ಭಾನುವಾರ ಗೆಳೆಯ ಹೈದರಾಬಾದಿನಿಂದ ಬಂದ ಇನ್ನೊಬ್ಬ ಮುಳುಗುಗಾರನ ಜೊತೆ ಗಣಿಗೆ ಇಳಿದ. ಅವನ ಹಳೆಯ ಚೀಲ ಸೋರತೊಡಗಿತ್ತು, ಹಾಗಾಗಿ ನನ್ನ ತಗಡು, ನನ್ನ ರೆಕ್ಕೆ ಅವನ ಬೆನ್ನೇರಿದವು. ಭುಜದ ಪಟ್ಟಿಯನ್ನು ನಾನೇ ಅವನ ಅಳತೆಗೆ ಸರಿಮಾಡಿ, ಕಾಲಸಂದಿಯ ಪಟ್ಟಿಯಲ್ಲಿ ಎರಡು ಬೆರಳು ತೂರಿಸಿ ನೋಡಿ ಕಳಿಸಿದೆ. ಹಳದಿ ಹೂವು ನೀರಿನಲ್ಲಿ ಸ್ವಲ್ಪ ಹೊತ್ತು ಕಂಡು ಮರೆಯಾಯಿತು. ನಾನು ಹೆಂಡತಿಯ ಪಕ್ಕದಲ್ಲಿ ದಂಡೆಯ ಚಪ್ಪಡಿಯ ಮೇಲೆ ಕೂತೆ. ಅವಳು ಶೇಂಗಾ ಸುಲಿಯುತ್ತಿದ್ದಳು. ದಂಡೆಯಲ್ಲಿ ಕೂರುವುದು ನನಗೆ ಅದೇ ಮೊದಲು. ಮಾಡಲಿಕ್ಕೆ ಏನೂ ಕೆಲಸವಿರುವುದಿಲ್ಲ, ಗುಳ್ಳೆಗಳನ್ನು ನೋಡುವುದು ಬಿಟ್ಟರೆ.

ಎರಡು ಕಡೆ ಗುಳ್ಳೆ ಏಳುತ್ತಿದ್ದವು. ಮೆಲ್ಲಗೆ ಎಡಕ್ಕೆ ಸರಿದವು, ಬಂಡೆಯ ಒಂದು ಮೂಲೆಯ ಹಿಂದೆ ಹೋದವು. ಅಲ್ಲಿಂದ ಕಾಣಲಿಲ್ಲ. ನೀರು ಸಪಾಟಾಗಿ ನಿಂತಿತು. ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ, ಚಪ್ಪಲಿ ಕಳಚಿ ನೀರಿನ ಅಂಚಿಗೆ ಹೋಗಿದ್ದೆ. ಹೆಂಡತಿ ಹಿಂದಿನಿಂದ ಅಂಗಿಯ ಚುಂಗು ಹಿಡಿದು ಜಗ್ಗಿದಳು.

‘ಕುಂದ್ರಿ. ಬರ್ತಾರ.’

‘ಎಷ್ಟೊತ್ತಾತು ಕಾಣದ?’

‘ಈಗಷ್ಟೇ ರೀ. ಹತ್ತು ಎಣಸೋದ್ರಾಗ ಎದ್ದೀರಿ.’

ಗುಳ್ಳೆಗಳು ಮೂಲೆ ದಾಟಿ ಮತ್ತೆ ಈ ಕಡೆ ಕಾಣಿಸಿಕೊಂಡವು. ಅವಳು ಒಂದು ಕಾಳು ಬಾಯಿಗೆ ಹಾಕಿಕೊಂಡಳು.

‘ಅವತ್ತು ಬಾವ್ಯಾಗ ನಾ ಇನ್ನೂರಾ ನಲವತ್ತರ ತನಕ ಎಣಸಿದ್ದೆ,’ ಅಂದಳು.

ನಾನು ಕೂತೆ.